ಕೈಮರದ ಹತ್ತಿರ ಕಾಣದೇ ಹೋದ ಹುಡುಗ

ನಮ್ಮ ಅಮ್ಮನ ತವರಿನ ಹೆಸರು ಹೇಳಿದರೆ ಆಫೀಸಿನಲ್ಲಿ ಎಲ್ಲರೂ ಒಂದು ಸಲ ನಗ್ತಾರೆ. ‘ಗಂಡಸಿ? ಅದು ಊರಿನ ಹೆಸರಾ?’ ಹೌದು, ಊರಿನ ಹೆಸರೇ. ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ಸುತ್ತ ತೆಂಗಿನ ತೋಟ, ರಾಗಿ ಹೊಲ, ಬೇಸಿಗೆ ಬಂದರೆ ಬತ್ತುವ ಕೆರೆಗಳು. ಅಮ್ಮನ ಹಳ್ಳಿ ಅಲ್ಲಿಂದ ಸ್ವಲ್ಪ ಒಳಗೆ.

ಬಸ್ಸಿನವರಿಗೆ ಮಾತ್ರ ಬರೀ ಗಂಡಸಿ ಗೊತ್ತಿಲ್ಲ, ‘ಗಂಡಸಿ ಹ್ಯಾಂಡ್‌ಪೋಸ್ಟ್’ ಗೊತ್ತು. ತಿಪಟೂರಿನಿಂದ ಹಾಸನಕ್ಕೆ ಹೋಗುವ ದಾರಿಯೂ ಅರಸೀಕೆರೆಯಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ದಾರಿಯೂ ಸೇರುವ ಜಾಗ ಅದು. ಹಿಂದೆ ಇಂಥ ಕೂಡುರಸ್ತೆಗಳಲ್ಲಿ ದಾರಿ ತೋರಿಸಲು ಕೈಯ ಹಾಗೆ ಚಾಚಿದ ಹಲಗೆಯ ಕಂಬ ನೆಡುತ್ತಿದ್ದರು. ಚಿಕ್ಕಮಗಳೂರಿನವರು ಅದನ್ನು ಕೈಮರ ಅಂದರು, ಮಂಗಳೂರಿನವರು ಕೈಕಂಬ ಅಂದರು, ನಮ್ಮ ಕಡೆಯವರು ಇಂಗ್ಲಿಷ್ ಮಾತನ್ನೇ ಉಳಿಸಿಕೊಂಡು ಹ್ಯಾಂಡ್‌ಪೋಸ್ಟ್ ಅಂದರು. ಕಂಬದ ಕೆಲಸ ಒಂದೇ, ದೂರದಿಂದ ಬರುವವನಿಗೆ ಕಾಣಬೇಕು.

ಈ ಸಲದ ಸಂಕ್ರಾಂತಿಯ ಹಿಂದಿನ ಸಂಜೆ ಆ ಕೈಮರದ ಹತ್ತಿರ ನನಗೆ ಒಬ್ಬ ಹುಡುಗ ಕಾಣಲಿಲ್ಲ. ಅವನು ಕತ್ತಲಲ್ಲಿ ಇರಲಿಲ್ಲ, ಅಡ್ಡ ಓಡಿಯೂ ಬರಲಿಲ್ಲ. ನನ್ನ ಕಣ್ಣೆದುರೇ ಇದ್ದ.

ಸೂರ್ಯನ ಕಡೆಗೆ ಒಂದು ರಸ್ತೆ

ಹಬ್ಬಕ್ಕೆ ಎರಡು ದಿನ ರಜೆ ಸೇರಿಸಿಕೊಂಡು ಮಧ್ಯಾಹ್ನ ಬೆಂಗಳೂರು ಬಿಟ್ಟಿದ್ದೆ. ಕಾರು ನನ್ನದೇ, ಕಳೆದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲ ಕಾರು ಅಂದಮೇಲೆ ಅಲಂಕಾರ ಇರಲೇಬೇಕಲ್ಲ. ಡ್ಯಾಶ್‌ಬೋರ್ಡಿನ ನಡುವೆ ಅಮ್ಮ ಕೊಟ್ಟ ಗಣಪ. ಅದರ ಕೆಳಗೆ ಆನ್‌ಲೈನಿನಲ್ಲಿ ತರಿಸಿದ, ಬೆಕ್ಕಿನ ಮೈಯಂಥ ಬಿಳೀ ಮ್ಯಾಟು. ಗಾಜಿಗೆ ಅಂಟಿಸಿದ ಫೋನ್ ಹೋಲ್ಡರ್, ನನ್ನ ಕಣ್ಣಿನ ಎತ್ತರಕ್ಕೇ, ‘ಮ್ಯಾಪ್ ನೋಡಲು ಅನುಕೂಲ’ ಅಂತ. ಕನ್ನಡಿಗೆ ನೇತು ಹಾಕಿದ ಪ್ಲಾಸ್ಟಿಕ್ ನಿಂಬೆಹಣ್ಣು–ಮೆಣಸಿನಕಾಯಿ. ಪರಿಮಳದ ಬಾಟಲಿ. ಫಾಸ್ಟ್‌ಟ್ಯಾಗ್, ಆಫೀಸಿನ ಪಾರ್ಕಿಂಗ್ ಸ್ಟಿಕ್ಕರ್, ಅಪಾರ್ಟ್‌ಮೆಂಟಿನ ಸ್ಟಿಕ್ಕರ್. ಕೂತರೆ ಮನೆಯ ಹಾಲಿನಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು.

ತುಮಕೂರು, ಗುಬ್ಬಿ, ಕಿಬ್ಬನಹಳ್ಳಿ ಕ್ರಾಸು, ತಿಪಟೂರು. ಕೊಬ್ಬರಿಯ ಊರು ದಾಟುವಾಗ ಐದು ಗಂಟೆ ಮೀರಿತ್ತು. ಅಲ್ಲಿಂದ ಮುಂದಿನ ರಸ್ತೆ ಹೆಚ್ಚುಕಡಿಮೆ ನೈಋತ್ಯಕ್ಕೆ ಹೋಗುತ್ತೆ. ಚಳಿಗಾಲದಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ, ನೈಋತ್ಯದ ಕಡೆಗೆ ಸರಿದು ಮುಳುಗುತ್ತಾನೆ. ಅಂದರೆ ಜನವರಿಯ ಸಂಜೆ ಈ ದಾರಿಯಲ್ಲಿ ಹೋಗುವವರ ಮುಖಕ್ಕೇ ಸೂರ್ಯ. ಉತ್ತರಾಯಣದ ಪುಣ್ಯಕಾಲ ಅಂತ ನಾವು ಕೈ ಮುಗಿಯುವ ಸೂರ್ಯನೇ!

ತೆಂಗಿನ ಸಾಲಿನ ನೆರಳು ರಸ್ತೆಗೆ ಅಡ್ಡಡ್ಡ ಬಿದ್ದಿತ್ತು. ಬೆಳಕು, ನೆರಳು, ಬೆಳಕು, ನೆರಳು, ಸಿನಿಮಾ ರೀಲು ತಿರುಗಿದ ಹಾಗೆ. ಫೋಟೊ ತೆಗೆಯುವಷ್ಟು ಚೆಂದ, ಓಡಿಸುವವರಿಗೆ ಮಾತ್ರ ಶಿಕ್ಷೆ. ವೈಸರ್ ಇಳಿಸಿದೆ, ಸಾಲಲಿಲ್ಲ. ವೈಪರ್ ಹಾಕಿದೆ. ಒಣಗಾಜಿನ ಮೇಲೆ ಅದು ದೂಳನ್ನು ಕಮಾನಿನ ಆಕಾರದಲ್ಲಿ ಬಳಿದು, ಗಾಜು ಇನ್ನೂ ಬೆಳ್ಳಗಾಯಿತು.

ಹ್ಯಾಂಡ್‌ಪೋಸ್ಟ್ ಬಂತು. ನಾನು ಬಲಕ್ಕೆ, ಅರಸೀಕೆರೆ ಕಡೆಗೆ ತಿರುಗಬೇಕು. ಮೂಲೆಯಲ್ಲಿ ಹಬ್ಬದ ಶುಭಾಶಯದ ಫ್ಲೆಕ್ಸು, ಅದರ ಪಕ್ಕ ಕಬ್ಬು ಮಾರುವ ಟ್ರ್ಯಾಕ್ಟರು. ವೇಗ 20 ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಎದುರಿಗೆ ಯಾರೂ ಇಲ್ಲ, ಬಲಗಡೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ತಿರುಗಿಸಿದೆ.

ಅರ್ಧ ತಿರುಗಿದ್ದೇ, ಬಾನೆಟ್ಟಿನ ಬಲಮೂಲೆಯಲ್ಲಿ ಒಂದು ಸೈಕಲ್! ಬ್ರೇಕು ಒತ್ತಿದೆ. ತಾಗಲಿಲ್ಲ, ಆದರೆ ಅವನು ಹೆದರಿ ಹ್ಯಾಂಡಲ್ ತಿರುಗಿಸಿ ಬಿದ್ದ. ಕ್ಯಾರಿಯರಿಗೆ ಕಟ್ಟಿದ್ದ ಕಬ್ಬಿನ ಜಲ್ಲೆಗಳು ರಸ್ತೆ ತುಂಬಾ ಚೆಲ್ಲಾಪಿಲ್ಲಿ.

ಹನ್ನೊಂದು–ಹನ್ನೆರಡು ವರ್ಷದ ಹುಡುಗ. ಮೊಣಕಾಲು ತರಚಿತ್ತು ಅಷ್ಟೇ. ಟೀ ಅಂಗಡಿಯಿಂದ ನಾಲ್ಕು ಜನ ಓಡಿ ಬಂದರು. ಬೈದರು, ಆಮೇಲೆ ನೀರು ಕೊಟ್ಟರು, ನನಗೂ ಅವನಿಗೂ. ನನ್ನ ಕೈ ನಡುಗ್ತಾ ಇತ್ತು. ‘ನಿಜವಾಗ್ಲೂ ಕಾಣಲಿಲ್ಲ ಪುಟ್ಟಾ’ ಅಂದೆ.

ಅವನು ನನ್ನನ್ನೇ ನೋಡಿ ಹೇಳಿದ: ‘ಇಲ್ಲ ಅಕ್ಕ, ನೀವು ನನ್ನ ಕಡೆಗೇ ನೋಡ್ತಾ ಇದ್ರಿ. ನೋಡಿದ್ರಿ, ನಿಲ್ಲಿಸ್ತೀರ ಅಂತಾನೇ ಬಂದೆ.’

ಆ ಮಾತು ರಾತ್ರಿಯಿಡೀ ನಿದ್ದೆ ಬಿಡಲಿಲ್ಲ.

‘ಇದೇನು ಕಾರಾ, ಪೂಜೆ ಕೋಣೆನಾ?’

ನಮ್ಮ ಸೋದರಮಾವ 30 ವರ್ಷ ಲಾರಿ ಓಡಿಸಿದವರು. ತಿಪಟೂರಿನಿಂದ ಕೊಬ್ಬರಿ ಲೋಡು ತಗೊಂಡು ಉತ್ತರ ಭಾರತದವರೆಗೆ ಹೋಗಿ ಬರ್ತಿದ್ದರು. ಈಗ ತೋಟ, ಎರಡು ಹಸು. ಬೆಳಿಗ್ಗೆ ಹಬ್ಬದ ಪೂಜೆ ಮುಗಿದ ಮೇಲೆ ನಡೆದದ್ದೆಲ್ಲ ಹೇಳಿದೆ. ಬೈಯಲಿಲ್ಲ. ‘ನಡಿ, ನಿನ್ನ ಗಾಡಿ ನೋಡಣ’ ಅಂತ ಎದ್ದರು.

ಡ್ರೈವರ್ ಸೀಟಿನಲ್ಲಿ ಕೂತು ಸುಮ್ಮನೆ ಮುಂದೆ ನೋಡಿದರು. ‘ಇದೇನು ಕಾರಾ, ಪೂಜೆ ಕೋಣೆನಾ? ರಸ್ತೆ ಎಲ್ಲವ್ವಾ ಕಾಣ್ತದೆ?’

ಆಮೇಲೆ ನನ್ನನ್ನು ಕೂರಿಸಿ, ತಮ್ಮ ಮೊಮ್ಮಗನಿಗೆ ಕಣದ ಆ ತುದಿಯಿಂದ ಈ ತುದಿಗೆ ಅಡ್ಡ ನಡೆಯಲು ಹೇಳಿದರು. ನಾನು ಕಣ್ಣು ಆಡಿಸದೆ ನೋಡಬೇಕು. ಹುಡುಗ ನಡೆದ, ನಡೆದ, ಆಮೇಲೆ ಇಲ್ಲ. ‘ನಿಲ್ಲೋ ಅಲ್ಲೇ’ ಅಂದರು ಮಾವ. ‘ಈಗೆಲ್ಲಿದಾನೆ ಹೇಳು?’ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಹುಡುಗ, ಮುಂದಿನ ಗಾಜಿಗೂ ಬಾಗಿಲಿಗೂ ನಡುವೆ ಇರುವ ಕಂಬದ ಹಿಂದೆ ಪೂರ್ತಿ ಮಾಯವಾಗಿದ್ದ. ತಲೆಯನ್ನು ಒಂದು ಗೇಣು ಮುಂದೆ ತಂದೆ, ಪ್ರತ್ಯಕ್ಷ!

ಆ ಕಂಬ ಬೇಕು. ಕಾರು ಮಗುಚಿದರೆ ಚಾವಣಿ ನಮ್ಮ ತಲೆ ಮೇಲೆ ಕೂರದಂತೆ ತಡೆಯುವುದು ಅದೇ. ಹೊಸ ಕಾರುಗಳಲ್ಲಿ ಅದು ಇನ್ನೂ ದಪ್ಪ, ಕೆಲವದರಲ್ಲಿ ಒಳಗೆ ಏರ್‌ಬ್ಯಾಗೂ ಇರುತ್ತೆ. ನಮ್ಮ ಗಾಡಿಗಳಲ್ಲಿ ಸ್ಟೇರಿಂಗ್ ಬಲಕ್ಕೆ ಇರುವುದರಿಂದ ಬಲಗಡೆಯ ಕಂಬ ಕಣ್ಣಿಗೆ ಹತ್ತಿರ, ಹಾಗಾಗಿ ಅದು ಮರೆ ಮಾಡುವ ಜಾಗವೂ ದೊಡ್ಡದು. ಬಲಕ್ಕೆ ತಿರುಗುವಾಗ ಕಾರಿನ ಜೊತೆ ಈ ಕಂಬವೂ ತಿರುಗುತ್ತೆ. ರಸ್ತೆ ದಾಟುವವನ ನಡಿಗೆಗೂ ಕಂಬ ತಿರುಗುವುದಕ್ಕೂ ಲೆಕ್ಕ ಕೂಡಿಬಂದರೆ ಅವನು ಕೊನೇ ಗಳಿಗೆವರೆಗೂ ಅದರ ಹಿಂದೆಯೇ ಇರುತ್ತಾನೆ. ನಮ್ಮ ಕಣ್ಣು ಅಲುಗಾಡುವುದನ್ನು ಬೇಗ ಹಿಡಿಯುತ್ತೆ. ಕಂಬದ ಜೊತೆಗೇ ಸಾಗುವವನು ಅದಕ್ಕೆ ಸಿಕ್ಕುವುದೇ ಇಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. ನನ್ನ ಮುಖ ಅವನ ಕಡೆಗೇ ಇತ್ತು. ಅವನು ನನ್ನ ಮುಖ ನೋಡಿದ, ನಾನು ಕಂಬ ನೋಡಿದೆ.

‘ಲಾರಿಯವರು ತಿರುವಿನಲ್ಲಿ ಮುಂದಕ್ಕೂ ಹಿಂದಕ್ಕೂ ಬಗ್ತಾರಲ್ಲ, ಹಾಡಿಗೆ ತಲೆ ಆಡಿಸ್ತಾರೆ ಅಂದ್ಕೊಂಡಿದೀಯಾ?’ ಅಂದರು ಮಾವ. ‘ಕಂಬದ ಹಿಂದೆ ಯಾರವ್ರೆ ಅಂತ ಇಣುಕೋದು ಅದು. ನಿಂತ್ಕೊಂಡು ಇಣುಕಿದ್ರೆ ಖರ್ಚಿಲ್ಲ ಕಣವ್ವಾ.’

ಕಪ್ಪು ಕಂಬಳಿಯ ಪಾಠ

ಆಮೇಲೆ ಬಿಳೀ ಮ್ಯಾಟಿನ ಸರದಿ. ಕಾರನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರು. ಗಾಜಿನ ಮೇಲೆ ಮ್ಯಾಟಿನ ಬಿಂಬ ಬಿಳೀ ಮಂಜಿನ ಹಾಗೆ ಕವಿದಿತ್ತು. ಒಳಗಿಂದ ಕರೀ ಕಂಬಳಿ ತಂದು ಮ್ಯಾಟಿನ ಮೇಲೆ ಹಾಸಿದರು. ಮಂಜು ಹೋಯಿತು! ಎದುರಿನ ಹುಣಸೇಮರ, ಅದರ ಬುಡದಲ್ಲಿದ್ದ ಕೋಳಿ, ಎಲ್ಲ ಸ್ಪಷ್ಟ. ಇಷ್ಟು ದಿನ ನಾನು ರಸ್ತೆಯನ್ನು ನನ್ನದೇ ಮ್ಯಾಟಿನ ಬಿಂಬದ ಮೂಲಕ ನೋಡುತ್ತಿದ್ದೆ.

ಕಾರಿನ ಕಂಪನಿಯವರು ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನು ಸಾಮಾನ್ಯವಾಗಿ ಗಾಢ ಬಣ್ಣದಲ್ಲಿ, ಹೊಳಪಿಲ್ಲದೆ, ಸ್ವಲ್ಪ ತರಿತರಿಯಾಗಿ ಮಾಡುವುದು ಇದಕ್ಕೇ. ಅದರ ಮೇಲೆ ನಾವು ಬಿಳೀ ಬಟ್ಟೆ ಹಾಸುತ್ತೇವೆ, ಇಲ್ಲವೇ ಮಿರಮಿರ ಮಿಂಚುವ ಪಾಲಿಶ್ ಹಚ್ಚುತ್ತೇವೆ. ಸರ್ವಿಸ್‌ಗೆ ಬಿಟ್ಟಾಗ ‘ಡ್ಯಾಶ್‌ಬೋರ್ಡಿಗೆ ಪಾಲಿಶ್ ಬೇಡ’ ಅಂತ ಮೊದಲೇ ಹೇಳಿಬಿಡಿ.

ಹಾಗಂತ ಕಂಬಳಿ ಹಾಸಿಕೊಂಡು ಓಡಾಡುವ ಹಾಗೂ ಇಲ್ಲ. ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇರುತ್ತೆ. 2021ರಿಂದ ಹೊಸ ಮಾದರಿಯ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಅದು ಕಡ್ಡಾಯ. ಅದು ಬಿಚ್ಚಿಕೊಳ್ಳುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮೇಲೆ ಮ್ಯಾಟು ಇದ್ದರೆ ಅಡ್ಡಿ, ಗಟ್ಟಿ ಮೂರ್ತಿ ಅಂಟಿಸಿದ್ದರೆ ಅದು ಎದುರು ಕೂತವರ ಮುಖಕ್ಕೇ ಸಿಡಿಯಬಹುದು. ಅಲ್ಲಿ ಏನೂ ಇಲ್ಲದಿರುವುದೇ ಒಳ್ಳೇದು.

ಮೂರನೆಯದು ಗಾಜಿನ ಒಳಮೈ. ಹೊರಗೆ ತೊಳೆಯುತ್ತೇವೆ, ಒಳಗೆ ಯಾರು ಒರೆಸುತ್ತಾರೆ? ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಊದುಬತ್ತಿ ಹೊಗೆ, ನಮ್ಮ ಉಸಿರು ಎಲ್ಲ ಸೇರಿ ಅಲ್ಲಿ ತೆಳ್ಳಗೆ ಜಿಡ್ಡಿನ ಪದರ ಕಟ್ಟುತ್ತೆ. ಹಗಲು ಕಾಣುವುದಿಲ್ಲ. ಎದುರಿಗೆ ಸೂರ್ಯ ಬಂದಾಗ, ರಾತ್ರಿ ಎದುರು ಲೈಟು ಬಿದ್ದಾಗ, ಬೆಳಕು ಆ ಜಿಡ್ಡಿನಲ್ಲಿ ಚೆದುರಿ ಇಡೀ ಗಾಜು ಬೆಳ್ಳಗಾಗುತ್ತೆ. ಮಾವ ಹಳೇ ಪೇಪರಿಗೆ ನೀರು ಚಿಮುಕಿಸಿ ಒರೆಸಿದರು, ಪೇಪರ್ ಮಸಿ ಬಟ್ಟೆಯಾಯಿತು.

ಫೋನ್ ಹೋಲ್ಡರ್ ಕಿತ್ತು ಏಸಿ ಕಿಂಡಿಯ ಹತ್ತಿರ ಕೆಳಗೆ ಇಟ್ಟೆವು. ಸೀಟನ್ನು ಎರಡು ಹಂತ ಎತ್ತರಿಸಿದೆವು. ಬಾನೆಟ್ಟಿನ ಆಚೆಯ ನೆಲ ಎಷ್ಟು ಹತ್ತಿರದಿಂದ ಕಾಣಿಸತೊಡಗಿತು ಗೊತ್ತಾ! ನಿಂಬೆಹಣ್ಣು–ಮೆಣಸಿನಕಾಯಿ, ಬಾಟಲಿ, ಹಳೇ ಸ್ಟಿಕ್ಕರ್ ಎಲ್ಲ ಒಂದು ಚೀಲಕ್ಕೆ ಹೋದವು. ಕೊನೆಗೆ ಉಳಿದಿದ್ದು ಗಣಪ.

ಗಣಪನ ವಿಚಾರ

ಅಮ್ಮನಿಗೆ ಫೋನ್ ಮಾಡಿದೆ. ಹೇಳುವ ಮೊದಲೇ ಅರ್ಥವಾಯಿತು ಅವರಿಗೆ. ‘ಗಣಪನ್ನ ತೆಗೀತೀಯಾ? ಅವನಿದ್ದಿದ್ದಕ್ಕೇ ಆ ಹುಡುಗ ಉಳಿದಿದ್ದು!’ ಇದಕ್ಕೆ ಏನು ಉತ್ತರ ಕೊಡೋದು? ಫೋನನ್ನು ಮಾವನ ಕೈಗೆ ಕೊಟ್ಟೆ.

ಮಾವ ಅಕ್ಕನ ಜೊತೆ ವಾದ ಮಾಡಲಿಲ್ಲ, ಒಂದು ಕತೆ ಹೇಳಿದರು. ನಾನೂ ಅದನ್ನು ಕೇಳಿದ್ದು ಆಗಲೇ. ಒಂದು ವರ್ಷ ಆಯುಧಪೂಜೆಗೆ ಲಾರಿಗೆ ಬಾಳೆಕಂದು ಕಟ್ಟಿ, ಮುಂದಿನ ಗಾಜಿಗೆ ಚೆಂಡುಹೂವಿನ ದಪ್ಪ ಹಾರ ಇಳಿಬಿಟ್ಟಿದ್ದರಂತೆ. ಹಬ್ಬದ ಹಾರ ತೆಗೆಯಬಾರದು ಅಂತ ಮಾರನೇ ದಿನ ಹಾಗೇ ಹೊರಟರಂತೆ. ಊರೊಂದರ ಹತ್ತಿರ ರಸ್ತೆಯಂಚಿನಲ್ಲಿ ನಡೆದುಹೋಗುತ್ತಿದ್ದ ಒಬ್ಬರು ಹಾರದ ಹಿಂದೆ ಕಾಣಲಿಲ್ಲ. ತೀರಾ ಹತ್ತಿರ ಬಂದಾಗ ಅವರು ಹೆದರಿ ಚರಂಡಿಗೆ ಹಾರಿದರು, ಕಾಲು ಮುರಿಯಿತು. ‘ಮೂರು ತಿಂಗಳು ಅವರ ಮನೆಗೆ ಹೋಗಿ ಬಂದೆ ಅಕ್ಕಾ. ಒಂದು ಮಾತು ಬೈಯಲಿಲ್ಲ ಅವ್ರು. ಬೈದಿದ್ರೆ ಮರೆತುಬಿಡ್ತಿದ್ನೇನೋ. ಅವತ್ತಿಂದ ಹಾರ ಬಂಪರಿಗೇ ಹಾಕ್ದೆ. ದೇವ್ರೇನು ಮುನಿಸ್ಕೊಳ್ಳಲಿಲ್ಲ.’

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, ‘ಗೇರ್ ಪಕ್ಕದಲ್ಲಿ ಒಂದು ಗೂಡಿದೆಯಲ್ಲ, ಅಲ್ಲಿಡಿ. ಕಾಲು ತಾಗಬಾರದು ಅಷ್ಟೇ’ ಅಂದರು.

ಗಣಪ ಈಗ ಅಲ್ಲೇ ಇದ್ದಾನೆ. ಕೈಗೆ ಇನ್ನೂ ಹತ್ತಿರ.

ಹಳೇಬೀಡಿನ ಸೂರ್ಯ, ಬೇಲೂರಿನ ಜಾಲಂಧ್ರ

ಮಾರನೇ ದಿನ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅರಸೀಕೆರೆ, ಬಾಣಾವರ, ಜಾವಗಲ್ ದಾಟಿ ಹಳೇಬೀಡು. ದಾರಿಯುದ್ದಕ್ಕೂ ರಾಗಿ ಹುಲ್ಲಿನ ಮೆದೆಗಳು. ಕೆಲವು ಕಡೆ ರಸ್ತೆಯ ಮೇಲೇ ಹುರುಳಿ ಹರಡಿ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಿದ್ದರು. ದೂಳೆದ್ದು ಗಾಜಿಗೆ ಕೂತ ತಕ್ಷಣ ನನ್ನ ಕೈ ವೈಪರಿಗೆ ಹೋಯಿತು. ‘ಮೊದ್ಲು ನೀರು ಚಿಮ್ಮಿಸು’ ಅಂದರು ಮಾವ. ಒಣದೂಳಿನ ಮೇಲೆ ವೈಪರ್ ಎಳೆದರೆ ಗಾಜಿನ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತೆ, ಪ್ರತಿ ಗೀರೂ ಸಂಜೆ ಬಿಸಿಲಿಗೆ ಒಂದೊಂದು ಮಿಂಚಿನ ದಾರವಾಗುತ್ತೆ. ರಬ್ಬರು ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಕಾರಿನ ಖರ್ಚಿನಲ್ಲಿ ಅಷ್ಟು ಕಡಿಮೆಗೆ ಅಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಎಷ್ಟೋ ಸಲ ಹೋಗಿದ್ದೇನೆ. ದೊಡ್ಡ ನಂದಿಯ ಬೆನ್ನ ಹಿಂದೆ ಸೂರ್ಯನ ಗುಡಿ ಇರುವುದನ್ನು ನೋಡಿದ್ದು ಇದೇ ಮೊದಲು. ಎಲ್ಲರೂ ನಂದಿಯ ಮುಖದ ಕಡೆ ನಿಂತು ಸೆಲ್ಫಿ ತೆಗೆದು ಹೋಗುತ್ತೇವೆ, ಹಿಂದೆ ಯಾರು ನೋಡುತ್ತಾರೆ? ಸಂಕ್ರಾಂತಿಯ ಮಾರನೇ ದಿನ ಆಳೆತ್ತರ ಮೀರಿದ ಆ ಸೂರ್ಯನ ಎದುರು ನಿಂತು ಮಾವ, ‘ನಿನ್ನ ಕೇಸಿನಲ್ಲಿ ಒಂದನೇ ಆರೋಪಿ ಇವ್ನೇ ನೋಡು’ ಅಂತ ನಕ್ಕರು.

ಅಲ್ಲಿಂದ 16 ಕಿಲೋಮೀಟರ್ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಹೆಚ್ಚು. ಹೊರಗೆ ಕಲ್ಲುಹಾಸಿನ ಮೇಲೆ ಕಣ್ಣು ಬಿಡಲಾಗದ ಬಿಸಿಲು. ಬಾಗಿಲು ದಾಟಿದರೆ ಕಪ್ಪು! ಏನೂ ಕಾಣದೆ ಎಲ್ಲರೂ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ, ಹಿಂದಿನವರು ಬಂದು ಗುದ್ದುತ್ತಾರೆ. ನಿಮಿಷ ಕಳೆದ ಮೇಲೆ ಕಂಬಗಳು ಒಂದೊಂದಾಗಿ ಎದ್ದು ಬರುತ್ತವೆ. ಇನ್ನೂ ನಿಂತರೆ ನಡುಚಾವಣಿಯ ಕೆತ್ತನೆ. ಕಣ್ಣು ಪೂರ್ತಿ ಕತ್ತಲಿಗೆ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು. ಬೆಳಕಿನಿಂದ ನೆರಳಿಗೆ ಹೋದ ಕಣ್ಣು ಮೊದಲ ಕೆಲವು ಸೆಕೆಂಡು ಹೆಚ್ಚುಕಡಿಮೆ ಕುರುಡು.

ಹ್ಯಾಂಡ್‌ಪೋಸ್ಟಿನಲ್ಲಿ ಆಗಿದ್ದೂ ಇದೇ ಅಲ್ಲವಾ? ಸೂರ್ಯನನ್ನೇ ನೋಡುತ್ತಾ ಬಂದ ಕಣ್ಣನ್ನು ಅಂಗಡಿ ಸಾಲಿನ ನೆರಳಿಗೆ ತಿರುಗಿಸಿ, ಒಂದೇ ನೋಟದಲ್ಲಿ ‘ಯಾರೂ ಇಲ್ಲ’ ಅಂತ ತೀರ್ಮಾನ ಮಾಡಿಬಿಟ್ಟೆ. ದೇವಸ್ಥಾನದ ಹೊಸ್ತಿಲಲ್ಲಿ ನಿಲ್ಲುವ ನಾವು ಸ್ಟೇರಿಂಗ್ ಹಿಡಿದಾಗ ನಿಲ್ಲುವುದಿಲ್ಲ.

ಬೇಲೂರಿನ ನವರಂಗ ಮೊದಲು ತೆರೆದಿತ್ತಂತೆ. ಕಲ್ಲಿನ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಬೆಳಕು ಒಳಗೆ ಬರಬೇಕು, ಕಣ್ಣಿಗೆ ಕುಕ್ಕಬಾರದು. ಎಷ್ಟು ಚೆಂದದ ಉಪಾಯ! ಆದರೆ ಕೂತು ಪೂಜೆ ನೋಡುವವರಿಗೆ ಸರಿಹೋಗುವ ಜಾಲಂಧ್ರ ಓಡುವ ಗಾಡಿಗೆ ಸರಿಹೋಗುವುದಿಲ್ಲ. ಬಿಸಿಲು ತಡೆಯಲು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಚ್ಚಿಸುವವರು ಇದನ್ನೇ ಮರೆಯುತ್ತಾರೆ. ಮುಂದಿನ, ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50ರಷ್ಟು ಬೆಳಕು ಹಾಯಬೇಕು ಅನ್ನುತ್ತೆ ಕೇಂದ್ರ ಮೋಟಾರು ವಾಹನ ನಿಯಮ. ಕಪ್ಪು ಫಿಲ್ಮ್ ತೆಗೆಸಿ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ ಮುಖ್ಯ ಕಾರಣ ಅಪರಾಧ ತಡೆ. ಆದರೆ ರಾತ್ರಿ ಮಳೆಯಲ್ಲಿ ಪಕ್ಕದ ಕನ್ನಡಿ ನೋಡಲು ಪರದಾಡಿದವರಿಗೆ ಇನ್ನೊಂದು ಕಾರಣವೂ ಗೊತ್ತು.

ಹೊರಗೋಡೆಯ ದರ್ಪಣ ಸುಂದರಿಯ ಎದುರು ಮಾವ ಸ್ವಲ್ಪ ಹೊತ್ತು ನಿಂತರು. ‘ಕನ್ನಡಿ ಹೆಂಗಿಡ್ಕಂಡವ್ಳೆ ನೋಡು, ಎಷ್ಟು ಬೇಕೋ ಅಷ್ಟೇ ತಿರುಗಿಸಿ. ನಿನ್ನ ಗಾಡಿ ಕನ್ನಡಿ ನಿನ್ನ ಮುಖ ತೋರಿಸ್ತಾ ಇತ್ತು ಬೆಳಿಗ್ಗೆ.’ ನಾನು ಮಾತಾಡಲಿಲ್ಲ.

ಕತ್ತಲಾದ ಮೇಲೆ

ವಾಪಸ್ ಬರುವಾಗ ಜಾವಗಲ್‌ನಲ್ಲೇ ಕತ್ತಲಾಯಿತು. ಎದುರಿನಿಂದ ಬಂದವರಲ್ಲಿ ಅರ್ಧ ಜನ ಹೈ ಬೀಮ್ ಇಳಿಸಲಿಲ್ಲ. ಸಿಟ್ಟಿಗೆ ನಾನೂ ಹೈ ಬೀಮ್ ಹಾಕಿದೆ. ‘ಅವನೂ ಕುರುಡ, ನೀನೂ ಕುರುಡಿ, ಮಧ್ಯೆ ರಸ್ತೆ ಯಾರು ನೋಡೋರು? ನಿಂದು ಇಳ್ಸು’ ಅಂದರು. ಆಮೇಲೆ ಒಂದೊಂದೇ ಹೇಳಿಕೊಟ್ಟರು. ಎದುರಿನ ಲೈಟನ್ನು ನೋಡಬಾರದು, ರಸ್ತೆಯ ಎಡಗಡೆ ಬಿಳೀ ಪಟ್ಟೆಯನ್ನು ಕಣ್ಣಲ್ಲಿ ಹಿಡಿದು ಹೋಗಬೇಕು, ವೇಗ ಇಳಿಸಬೇಕು. ಒಳಗಿನ ಕನ್ನಡಿಯ ಕೆಳಗೆ ಪುಟ್ಟ ಗುಬುಟು ಇರುತ್ತೆ, ಅದನ್ನು ಎಳೆದರೆ ಹಿಂದಿನ ಗಾಡಿಯ ಲೈಟು ಮಂದ ಆಗುತ್ತೆ. ಒಂದು ವರ್ಷದಿಂದ ಅದು ಕನ್ನಡಿಯ ಡಿಸೈನು ಅಂದುಕೊಂಡಿದ್ದೆ! ಫೋನಿನ ಪರದೆ, ಕಾರಿನ ಟಚ್ ಸ್ಕ್ರೀನ್ ಎರಡನ್ನೂ ರಾತ್ರಿ ಮಂದ ಮಾಡಬೇಕು. ಅದರ ಬೆಳಕು ಗಾಜಿನಲ್ಲೂ ಕಾಣುತ್ತೆ, ಕತ್ತಲಿಗೆ ಒಗ್ಗಿದ ಕಣ್ಣನ್ನೂ ಕೆಡಿಸುತ್ತೆ. ಇನ್ನು ಮಂಜಿದ್ದರೆ ಹೈ ಬೀಮ್ ಹಾಕಲೇಬಾರದು, ನಮ್ಮ ಬೆಳಕು ನಮ್ಮ ಮುಖಕ್ಕೇ ವಾಪಸ್ ಬರುತ್ತೆ.

80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಹೋಗುತ್ತೆ. ಮ್ಯಾಪ್ ಕಡೆ ಎರಡು ಸೆಕೆಂಡು ನೋಡಿದರೆ 44 ಮೀಟರ್ ರಸ್ತೆಯನ್ನು ನೋಡದೇ ದಾಟಿದ ಹಾಗೆ.

ಬಾಣಾವರ ದಾಟಿದ ಮೇಲೆ ಮಾವ ಸುಮ್ಮನಾದರು. ಆಮೇಲೆ ತಾವಾಗೇ ಹೇಳಿದರು: ‘ನಂಗೀಗ ಎದುರು ಲೈಟು ಬಂದ್ರೆ ಹೂವಿನ ಹಂಗೆ ಅರಳ್ತದೆ ಕಣವ್ವಾ. ಪೊರೆ ಬಂದೈತೆ ಅಂದವ್ರೆ. ಅದಕ್ಕೇ ರಾತ್ರಿ ಬೈಕ್ ಮುಟ್ಟಲ್ಲ. ನಿಮ್ಮತ್ತೆಗೆ ಹೇಳಿಲ್ಲ, ಹೇಳಬೇಡ.’ ಕಣ್ಣಿನ ಪೊರೆ ಅಂದರೆ ಕಣ್ಣೊಳಗೇ ಕೊಳೆಯಾದ ಗಾಜು. ಪೇಪರಿನಲ್ಲಿ ಒರೆಸುವ ಹಾಗಿಲ್ಲ, ಆಪರೇಷನ್ನೇ ಆಗಬೇಕು. ಈ ಸಲ ಮಾತ್ರ ಮಾವನ ಮಾತು ಕೇಳಲಿಲ್ಲ, ಮನೆಗೆ ಹೋಗಿ ಅತ್ತೆಗೆ ಹೇಳಿಬಿಟ್ಟೆ. ಮುಂದಿನ ತಿಂಗಳು ಆಪರೇಷನ್. ನಿಮ್ಮ ಮನೆಯಲ್ಲೂ ‘ರಾತ್ರಿ ಓಡಿಸೋದು ಯಾಕೋ ಇಷ್ಟ ಆಗಲ್ಲ’ ಅನ್ನುವ ಹಿರಿಯರಿದ್ದರೆ ಒಮ್ಮೆ ಕಣ್ಣು ತೋರಿಸಿ.

ಎರಡೂ ಕಡೆ ಎದುರುಬಿಸಿಲು

ವಾಪಸ್ ಹೊರಡುವ ಹಿಂದಿನ ರಾತ್ರಿ ಇನ್ನೊಂದು ವಿಷಯ ಹೊಳೆಯಿತು. ಬೆಂಗಳೂರಿನಿಂದ ತುಮಕೂರು, ಹಾಸನ, ಶಿವಮೊಗ್ಗ ಕಡೆಯ ಊರುಗಳಿಗೆ ಹೋಗುವ ನಾವೆಲ್ಲ ಶುಕ್ರವಾರ ಸಂಜೆ ಪಶ್ಚಿಮಕ್ಕೆ ಹೋಗುತ್ತೇವೆ, ಸೋಮವಾರ ಬೆಳಿಗ್ಗೆ ಪೂರ್ವಕ್ಕೆ ಬರುತ್ತೇವೆ. ಅಂದರೆ ಹೋಗುವಾಗಲೂ ಮುಖಕ್ಕೆ ಸೂರ್ಯ, ಬರುವಾಗಲೂ ಮುಖಕ್ಕೆ ಸೂರ್ಯ! ಮ್ಯಾಪು ಟ್ರಾಫಿಕ್ ತೋರಿಸುತ್ತೆ, ಸೂರ್ಯ ಎಲ್ಲಿರುತ್ತಾನೆ ಅಂತ ಹೇಳುವುದಿಲ್ಲ. ಆ ಲೆಕ್ಕ ನಾವೇ ಹಾಕಬೇಕು. ಸೂರ್ಯ ಮುಳುಗುವ ಮುನ್ನಿನ, ಹುಟ್ಟಿದ ನಂತರದ ಒಂದು ಗಂಟೆಯಷ್ಟು ಹೊತ್ತು ತಪ್ಪಿಸಿದರೆ ಅರ್ಧ ಕಷ್ಟ ಕಳೆಯಿತು. ಆಗದಿದ್ದರೆ ಆ ಹೊತ್ತಿಗೇ ತಿಂಡಿಗೆ ನಿಲ್ಲಿಸಿ. ತಟ್ಟೆ ಇಡ್ಲಿ ತಿನ್ನುವಷ್ಟರಲ್ಲಿ ಸೂರ್ಯ ವೈಸರಿನ ಮೇಲಕ್ಕೆ ಏರಿರುತ್ತಾನೆ.

ಕೂಲಿಂಗ್ ಗ್ಲಾಸ್ ಕೊಳ್ಳುವುದಾದರೆ ಪೋಲರಾಯ್ಡ್ ಗಾಜಿನದು ಕೊಳ್ಳಿ. ರಸ್ತೆ, ನೀರು, ಡ್ಯಾಶ್‌ಬೋರ್ಡಿನಿಂದ ಪ್ರತಿಫಲಿಸಿ ಬರುವ ಬೆಳಕಿನ ಅಲೆಗಳು ಬಹುಪಾಲು ಒಂದೇ ದಿಕ್ಕಿಗೆ ಅಡ್ಡವಾಗಿ ಕಂಪಿಸುತ್ತವೆ. ಪೋಲರಾಯ್ಡ್ ಅವನ್ನು ತಡೆದು ಉಳಿದ ಬೆಳಕನ್ನು ಬಿಡುತ್ತೆ. ಆ ಹಾಳೆ ಕಂಡುಹಿಡಿದ ಅಮೆರಿಕದ ಎಡ್ವಿನ್ ಲ್ಯಾಂಡ್‌ಗೆ ಇದ್ದ ದೊಡ್ಡ ಆಸೆಯೇ ಕಾರಿನ ಹೆಡ್‌ಲೈಟ್ ಎದುರಿನವರ ಕಣ್ಣು ಕುಕ್ಕದಂತೆ ಮಾಡುವುದು. ಕಾರಿನವರು ಅದನ್ನು ತೆಗೆದುಕೊಳ್ಳಲಿಲ್ಲ, ಕನ್ನಡಕದವರು ತೆಗೆದುಕೊಂಡರು. ಒಂದೇ ಎಚ್ಚರಿಕೆ, ಪೋಲರಾಯ್ಡ್ ಹಾಕಿಕೊಂಡರೆ ಕೆಲವು ಫೋನು, ಕಾರಿನ ಪರದೆಗಳು ಕಪ್ಪಾಗಿ ಕಾಣುತ್ತವೆ. ಕೊಳ್ಳುವ ಮೊದಲು ನಿಮ್ಮ ಕಾರಿನೊಳಗೆ ಹಾಕಿ ನೋಡಿ. ರಾತ್ರಿ ಮಾತ್ರ ಯಾವ ಬಣ್ಣದ ಕನ್ನಡಕವೂ ಬೇಡ.

ಸೋಮವಾರ ಒಂಬತ್ತಕ್ಕೆ ಹೊರಟೆ. ಅದಕ್ಕೂ ಮೊದಲು, ಹಬ್ಬದ ಸಂಜೆಯೇ ಮಾವನ ಜೊತೆ ಆ ಹುಡುಗನ ಮನೆಗೆ ಎಳ್ಳು ಬೆಲ್ಲ ಕೊಟ್ಟು ಬಂದಿದ್ದೆ. ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಕಬ್ಬು ತಿನ್ನುತ್ತಿದ್ದ. ಅವನ ಅಮ್ಮ ಕಾಫಿ ಕೊಟ್ಟರು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಬೇಕಲ್ಲ, ಯಾರೂ ಬೇರೇನೂ ಮಾತಾಡಲಿಲ್ಲ.

ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲಿಸಿದೆ. ಈಗ ಎಡಕ್ಕೆ ತಿರುಗಬೇಕು, ತಿಪಟೂರಿನ ಕಡೆಗೆ. ಫ್ಲೆಕ್ಸು ಇನ್ನೂ ಅಲ್ಲೇ ಇತ್ತು, ಟ್ರ್ಯಾಕ್ಟರು ಹೋಗಿತ್ತು. ಸ್ಟೇರಿಂಗ್ ಮೇಲೆ ಎದೆ ತಾಗುವಷ್ಟು ಮುಂದಕ್ಕೆ ಬಗ್ಗಿ ಬಲಗಂಬದ ಆಚೆ ನೋಡಿದೆ, ಹಿಂದಕ್ಕೆ ಒರಗಿ ಈಚೆ ನೋಡಿದೆ, ಆಮೇಲೆ ಎಡಗಡೆ. ಹಿಂದಿನ ಬೈಕಿನವನು ಹಾರ್ನ್ ಮಾಡಿದ. ಮಾಡಲಿ ಅಂದುಕೊಂಡೆ.

ಟೀ ಅಂಗಡಿಯವರು ಗುರುತು ಹಿಡಿದು ಕೇಳಿದರು: ‘ಏನಮ್ಮಾ, ಯಾರ್ನ ಹುಡುಕ್ತಿದೀರಾ?’

‘ಯಾರಾದ್ರೂ ಇದ್ದಾರಾ ಅಂತ’ ಅಂದೆ.